ರಾಡಿ ನೀರಿನಿಂದ ಫಿಲ್ಟರ್ ಉಳಿಸಿಕೊಂಡ ಬಗೆ: ನನ್ನ ಅನುಭವ

ಎರೆ ನೆಲದ ಕಾಲುವೆ ನೀರನ್ನು ನೇರವಾಗಿ ಚಾರಣದ ಹಾಲೋ ಫೈಬರ್ (ನೀರು ಸೋಸುವ ಸಣ್ಣ ಟೊಳ್ಳು ನಾರುಗಳ) ಫಿಲ್ಟರ್‌ಗೆ ಹಿಂಡಬೇಡಿ. ಸಿಂಧನೂರು, ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮಳೆಗಾಲಕ್ಕೆ ಬರುವ ರಾಡಿ ಎರಡು ಮೂರು ಲೀಟರಿಗೇ 0.1 ಮೈಕ್ರಾನಿನ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ರಂಧ್ರಗಳ ಫಿಲ್ಟರನ್ನು ಕಟ್ಟಿಸಿಬಿಡುತ್ತದೆ. ಅದು ನಾಲ್ಕು ಸಾವಿರದ ಆಸುಪಾಸಿನ ಸಾಮಾನು. ಅದನ್ನು ಕಾಯಲು ನಾನು ಮಾಡಿಕೊಂಡ ವ್ಯವಸ್ಥೆಗೆ ನೂರೈವತ್ತು ರೂಪಾಯಿಯೂ ಖರ್ಚಾಗಿಲ್ಲ. ಪಟಿಕ ಹಾಕುತ್ತೇನೆ ಅಂದಾಗ ಜೊತೆಯ ಚಾರಣಿಗರು, "ಅದು ಕ್ಷೌರದ ಅಂಗಡಿದಲ್ರೀ, ಹೊಟ್ಟಿ ಕೆಡ್ತದ" ಅಂದಿದ್ದರು. ಊರಿಗೆ ನೀರು ಕೊಡುವ ಶುದ್ಧೀಕರಣ ಘಟಕಗಳಲ್ಲೂ ಆಲಂ, ಅಂದರೆ ಪಟಿಕದ ಜಾತಿಯದನ್ನೇ ಹಾಕಿ ರಾಡಿ ಕೂರಿಸುತ್ತಾರೆ. ಈಗ ಅದೇ ಮಂದಿ ಅಳತೆ ಕೇಳುತ್ತಿರುವುದರಿಂದ ಬರೆದಿಡುತ್ತಿದ್ದೇನೆ. ನೀರನ್ನು ಹಿಂಡಿ ಫಿಲ್ಟರಿನಲ್ಲಿ ಸೋಸುವುದು, ಅದು ಕಟ್ಟಿಕೊಂಡಾಗ ಸಿರಿಂಜಿನಿಂದ ಹಿಮ್ಮುಖವಾಗಿ ತೊಳೆಯುವುದು ನಿಮಗೆಲ್ಲ ಗೊತ್ತಿದೆ.

ಮೊದಲು ಕೈಕೊಟ್ಟ ಉಪಾಯಗಳು. ಅರಿವೆಯೊಂದರಲ್ಲೇ ಸೋಸಿದರೆ ಎಲೆ, ಹುಳ, ಪಾಚಿಯ ಎಳೆ ನಿಲ್ಲುತ್ತವೆ, ಬಣ್ಣ ಹಾಗೇ ಇಳಿಯುತ್ತದೆ. ಕಾಫಿ ಸೋಸುವ ಕಾಗದ ಅರ್ಧ ಲೀಟರಿಗೆ ಕಟ್ಟಿಕೊಂಡಿತು. ಅಕ್ವೇರಿಯಂ ಸ್ಪಂಜು ಕಸ ಹಿಡಿಯಲಷ್ಟೇ ಸರಿ. ಬಾಟಲಿಯಲ್ಲಿ ಮರಳು, ಇದ್ದಿಲು, ಹತ್ತಿ ತುಂಬುವ ಉಪಾಯ ಎಲ್ಲಕ್ಕಿಂತ ಕೆಟ್ಟದ್ದು. ಹೊಳೆಯ ಮರಳಲ್ಲೇ ಜೇಡಿ ಇರುತ್ತದೆ, ಎಷ್ಟು ತೊಳೆದರೂ ಬಿಡುತ್ತಲೇ ಇರುತ್ತದೆ. ಇದ್ದಿಲಿನ ಪುಡಿ ಫೈಬರ್ ಒಳಗೆ ಹೊಕ್ಕರೆ ಹೊರಗೆ ಬರುವುದು ಕಷ್ಟ. ಹೊರಲು ಭಾರ ಬೇರೆ.

ಆರ್‌ಓ ಅಂಗಡಿಯಲ್ಲಿ ನೂರರ ಒಳಗೆ ಸಿಗುವ 5 ಮೈಕ್ರಾನಿನ ಬಿಳಿ ಕ್ಯಾಂಡಲ್ (ನೀರು ಸೋಸುವ ಉರುಳೆ) ಮೇಲೆ ನನಗೆ ದೊಡ್ಡ ನಂಬಿಕೆ ಇತ್ತು. ಕೆರೆ ನೀರಿಗೆ ಅದು ನಿಜಕ್ಕೂ ಒಳ್ಳೆಯದು. ಎರೆಮಣ್ಣಿಗೆ ಮಾತ್ರ ನಡೆಯುವುದಿಲ್ಲ. ಜೇಡಿಯ ಕಣ 2 ಮೈಕ್ರಾನಿಗಿಂತ ಸಣ್ಣದು, 5ರಲ್ಲಿ ನುಸುಳಿ 0.1ರಲ್ಲಿ ಸಿಕ್ಕಿಬೀಳುತ್ತದೆ. ಕ್ಯಾಂಡಲ್ ಹಿಡಿಯದ ಕಣವೇ ಫಿಲ್ಟರ್ ಕಟ್ಟಿಸುವ ಕಣ. ಅದು ತಾನಾಗಿ ತಳಕ್ಕೆ ಕೂರುವುದೂ ಇಲ್ಲ, ರಾತ್ರಿಯಿಡೀ ಇಟ್ಟರೂ ನೀರು ಚಹಾದ ಬಣ್ಣದಲ್ಲೇ ಇರುತ್ತದೆ. ಸೋಸುವ ಮುಂಚೆ ಆ ಕಣಗಳನ್ನು ಒಂದಕ್ಕೊಂದು ಅಂಟಿಸಿ ದಪ್ಪ ಮಾಡಲೇಬೇಕು. ಪಟಿಕ ಬೇಕಾಗುವುದು ಅದಕ್ಕೆ.

ಕಿರಾಣಿ ಅಥವಾ ಗ್ರಂದಿಗೆ ಅಂಗಡಿಯ ಗಟ್ಟಿ ಪಟಿಕವನ್ನೇ ತನ್ನಿ. ಗಡ್ಡಕ್ಕೆ ಹಚ್ಚುವ ಅಚ್ಚಿನ ತುಂಡಿನಲ್ಲಿ ಸುಗಂಧ ಬೆರೆಸಿರಬಹುದು. 5 ಗ್ರಾಂ ಕುಟ್ಟಿ 100 ಮಿ.ಲೀ. ನೀರಿನಲ್ಲಿ ಕರಗಿಸಿ ಸಣ್ಣ ಬಾಟಲಿಗೆ ತುಂಬಿಕೊಳ್ಳಿ. ಒಂದು ಮಿ.ಲೀ.ಯಲ್ಲಿ 50 ಮಿ.ಗ್ರಾಂ ಪಟಿಕ ಇರುತ್ತದೆ. ಸೂಜಿಯಿಲ್ಲದ 2 ಮಿ.ಲೀ. ಸಿರಿಂಜಿನಿಂದ ಅಳೆಯಿರಿ. ಸಂಡೂರಿನ ಕೆಂಪು ನೀರಿಗೆ ಲೀಟರಿಗೆ ಅರ್ಧ ಮಿ.ಲೀ. ಸಾಕು, ಅಲ್ಲಿಯ ಕೆಮ್ಮಣ್ಣು ಭಾರ, ಮುಕ್ಕಾಲು ಪಾಲು ತಾನೇ ಇಳಿಯುತ್ತದೆ. ಎರೆ ನೀರಿಗೆ ಒಂದು ಮಿ.ಲೀ., ಹೊಸ ಮಳೆಯ ಹಳ್ಳಕ್ಕೆ ಒಂದೂವರೆ. ಅನುಮಾನವಿದ್ದರೆ ಕಾಲು ಲೀಟರಿನ ಮೂರು ಬಾಟಲಿಗೆ ಮೂರು, ಐದು, ಹತ್ತು ಹನಿ ಹಾಕಿ ನೋಡಿ, ಯಾವುದು ಬೇಗ ಹಾಲಿನಂತೆ ಒಡೆದು ಚೂರು ಕಟ್ಟುತ್ತದೋ ಅದೇ ಅಳತೆ. ಹೆಚ್ಚು ಹಾಕಿದರೆ ಹೆಚ್ಚು ತಿಳಿಯಾಗುವುದಿಲ್ಲ. ಮಿತಿ ಮೀರಿದರೆ ಕಣಗಳು ಮತ್ತೆ ಬಿಡಿಬಿಡಿಯಾಗುತ್ತವೆ, ನೀರೂ ಒಗರಾಗುತ್ತದೆ.

ಕೆಲಸ ಕೆಡುವುದು ಕಲಕುವುದರಲ್ಲಿ. ಎರಡು ಲೀಟರಿನ ಕೋಲಾ ಬಾಟಲಿಗೆ ಪಟಿಕದ ನೀರು ಬಿದ್ದ ತಕ್ಷಣ ಒಂದು ನಿಮಿಷ ಜೋರಾಗಿ ಕುಲುಕಿ. ಆಮೇಲೆ ಹತ್ತು ನಿಮಿಷ ಬಲು ನಿಧಾನಕ್ಕೆ ತಿರುಗಿಸುತ್ತಿರಿ. ಬಹಳ ಮಂದಿ ಎರಡನೆಯದನ್ನು ಬಿಟ್ಟು "ಪಟಿಕ ನಡೆಯಲ್ಲ" ಅನ್ನುತ್ತಾರೆ. ಒಡೆದ ಹಾಲಿನಂತೆ ಚೂರು ಕಾಣಿಸಿದ ಮೇಲೆ ನೆರಳಲ್ಲಿ ನಿಲ್ಲಿಸಿ. ಬಿಸಿಲಿಗಿಟ್ಟರೆ ಬಾಟಲಿಯ ಒಂದು ಬದಿ ಕಾದು ಒಳಗೆ ನೀರು ಸುತ್ತತೊಡಗುತ್ತದೆ, ಗಸಿ ಕೂರುವುದೇ ಇಲ್ಲ. ಪಾಚಿ ಇರುವ ನೀರಾದರೆ ಬಿಸಿಲಿಗೆ ಗುಳ್ಳೆ ಕಟ್ಟಿ ಗಸಿ ಮೇಲಕ್ಕೇ ತೇಲುತ್ತದೆ. ನೆರಳಲ್ಲಿ ಅರ್ಧ ತಾಸು, ಹೆಚ್ಚೆಂದರೆ ಮುಕ್ಕಾಲು.

ತಿಳಿಯನ್ನು ಬಗ್ಗಿಸಿ ಸುರಿಯಬೇಡಿ, ಗಸಿ ಏಳುತ್ತದೆ. ಔಷಧಿ ಅಂಗಡಿಯಲ್ಲಿ ಸಲೈನ್ ಹಚ್ಚುವ ಹೊಸ ನಳಿಕೆ ಐವತ್ತರ ಆಸುಪಾಸಿಗೆ ಸಿಗುತ್ತದೆ. ಹನಿ ಬೀಳುವ ಡಬ್ಬಿ ಕತ್ತರಿಸಿ, ನಳಿಕೆ ಮತ್ತು ಚಕ್ರದ ಬಿರಡೆ ಮಾತ್ರ ಇಟ್ಟುಕೊಳ್ಳಿ. ತುದಿಯನ್ನು ಗಸಿಗಿಂತ ಮೂರು ಬೆರಳು ಮೇಲಕ್ಕಿಟ್ಟು ಎಳೆದರೆ ಲೀಟರಿಗೆ ಸುಮಾರು ಹತ್ತು ನಿಮಿಷ. ಈ ಬಿರಡೆಯಿಂದ ಹರಿವು ಎಷ್ಟು ಹಿಡಿತಕ್ಕೆ ಬರುತ್ತದೆಂದರೆ, ನೂರಾರು ರೂಪಾಯಿಯ ಪ್ರೀಫಿಲ್ಟರ್ ಕಿಟ್‌ಗಳಲ್ಲೂ ನಾನು ಇಂಥದ್ದು ಕಂಡಿಲ್ಲ.

ಕೊನೆಗೆ ಅರಿವೆ. ಹಳೆಯ ನೂಲಿನ ಸೀರೆಯೇ ಬೇಕು, ನಾಲ್ಕು ಮಡಿಕೆ. ಒಗೆದೊಗೆದು ಸವೆದ ನೂಲು ನಾರುಬಿಟ್ಟುಕೊಂಡು ಕಂಡಿಗಳು ಕಿರಿದಾಗುತ್ತವೆ, ಹೊಸ ಅರಿವೆಯಲ್ಲಿ ಅದಿಲ್ಲ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹೀಗೆ ಮಡಚಿದ ಹಳೆಯ ಸೀರೆಯಲ್ಲಿ ಸೋಸಿದ್ದರಿಂದಲೇ ಕಾಲರಾ ಅರ್ಧದಷ್ಟು ತಗ್ಗಿತೆಂದು 2003ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತ್ತು. ನಮಗೆ ಅದು ದಾರಿ ತಪ್ಪಿ ಬಂದ ಗಸಿಯ ಚೂರು ಹಿಡಿಯಲು ಬೇಕು. ಈ ಗಸಿ ಲೋಳೆಯಂತಿದ್ದು ಫೈಬರ್ ಮೇಲೆ ಕೂತರೆ ಬರಿಯ ಮಣ್ಣಿಗಿಂತ ಗಟ್ಟಿಯಾಗಿ ಕಚ್ಚುತ್ತದೆ. ಸೋಸಿದ ಬಾಟಲಿಯ ಆಚೆ ಪೇಪರಿನ ಸಣ್ಣಕ್ಷರ ಓದಲು ಬಂದರೆ ಮಾತ್ರ ಅದರ ಬಾಯಿಗೆ ಫಿಲ್ಟರ್ ತಿರುಗಿಸಿ ಹಚ್ಚಿ. ಈ ಕ್ರಮಕ್ಕೆ ಬಂದ ಮೇಲೆ ನನ್ನ ಫಿಲ್ಟರ್ ಮೂವತ್ತು ನಲವತ್ತು ಲೀಟರಿನವರೆಗೆ ತೊಳೆತ ಕೇಳುವುದಿಲ್ಲ. ಎರಡನೇ ಬಾಟಲಿ ಅರ್ಧ ಹೊತ್ತಿನಲ್ಲೇ ತಿಳಿಯಾಗುವ ಉಪಾಯವೂ ಒಂದಿದೆ. ಮೊದಲ ಬಾಟಲಿಯ ಗಸಿಯನ್ನು ಪೂರ್ತಿ ಚೆಲ್ಲಬೇಡಿ ಎಂದಷ್ಟೇ ಹೇಳುತ್ತೇನೆ, ಎಷ್ಟು ಉಳಿಸಬೇಕೆಂಬುದು ನನ್ನ ಬಳಿಯೇ ಇರಲಿ.

ಹಿರೇಬೆಣಕಲ್ಲಿನ ಮೋರ್ಯರ ಗುಡ್ಡದಂಥ ಕಡೆ ಬಂಡೆಯ ದೊಣೆಗಳಲ್ಲಿ (ಕಲ್ಲಿನ ಕುಳಿಗಳಲ್ಲಿ) ನಿಂತ ಮಳೆನೀರಿಗೆ ಇದೇ ಅಳತೆ ಹಾಕಿದರೆ ಚೂರೇ ಕಟ್ಟುವುದಿಲ್ಲ. ಮಳೆನೀರಿನಲ್ಲಿ ಪಟಿಕಕ್ಕೆ ಬೇಕಾದ ಕ್ಷಾರ ಇರುವುದಿಲ್ಲ. ಎರಡು ಲೀಟರಿಗೆ ಚಿಟಿಕೆಯ ಕಾಲುಭಾಗ ಅಡುಗೆ ಸೋಡಾ ಮೊದಲೇ ಕರಗಿಸಿದರೆ ಕಟ್ಟುತ್ತದೆ.

ನುಗ್ಗೆ ಬೀಜವನ್ನೂ ನೋಡಿದ್ದೇನೆ. ಒಣಗಿದ ಬೀಜದ ಸಿಪ್ಪೆ ತೆಗೆದು ಲೀಟರಿಗೆ ಒಂದರಂತೆ ನುಣ್ಣಗೆ ಅರೆದು ಹಾಕಿದರೆ ಎರೆ ನೀರು ಚೆನ್ನಾಗಿಯೇ ಒಡೆಯುತ್ತದೆ, ಆದರೆ ಒಂದು ತಾಸಿಗಿಂತ ಹೆಚ್ಚು ಬೇಕು. ಬೀಜದ ಸತ್ವ ನೀರಲ್ಲೇ ಉಳಿಯುವುದರಿಂದ ಮರುದಿನಕ್ಕೆ ವಾಸನೆ ಬರುತ್ತದೆ. ಅಂದಿನದು ಅಂದೇ ಕುಡಿಯುವುದಾದರೆ ಸರಿ. ಮಡಕೆಯ ಒಳಮೈಗೆ ಚಿಲ್ಲದ ಬೀಜ ತೇಯುವ ಹಳೆಯ ಪದ್ಧತಿ ಮನೆಗೆ ಒಳ್ಳೆಯದು, ಬೆನ್ನುಚೀಲಕ್ಕಲ್ಲ.

ಇಷ್ಟೆಲ್ಲ ಮಾಡಿದರೂ ಕೆಲವು ನೀರು ಮುಟ್ಟಬಾರದು. ಗಂಗಾವತಿ, ಸಿಂಧನೂರಿನ ಭತ್ತದ ಗದ್ದೆಗಳಿಂದ ಬಸಿದು ಬರುವ ಹಳ್ಳದಲ್ಲಿ ಕ್ರಿಮಿನಾಶಕ ಇರುತ್ತದೆ. ಡ್ಯಾಮಿನ ಹಿನ್ನೀರಲ್ಲಿ ಹಸಿರು ಬಣ್ಣ ಚೆಲ್ಲಿದಂತೆ ಪಾಚಿ ಕಟ್ಟಿದಾಗ ಅದರ ವಿಷ ನೀರಲ್ಲಿ ಕರಗಿರಬಹುದು. ಗಣಿ ಮಣ್ಣಿನ ರಾಶಿಯ ಕೆಳಗಿನ ನೀರೂ ಬೇಡ. ಕರಗಿದ್ದನ್ನು ಈ ಅಳತೆಯ ಪಟಿಕವಾಗಲಿ ಹಾಲೋ ಫೈಬರಾಗಲಿ ತಡೆಯುವುದಿಲ್ಲ, ಬೋರ್‌ವೆಲ್ಲಿನ ಫ್ಲೋರೈಡಿಗೂ ಇದೇ ಮಾತು. ವೈರಸ್ ಕೂಡ 0.1ರಲ್ಲಿ ದಾಟುತ್ತದೆ. ಊರ ಪಕ್ಕದ ನೀರಾದರೆ ಕ್ಲೋರಿನ್ ಮಾತ್ರೆ ಹಾಕಿ, ಅದನ್ನೂ ಸೋಸಿದ ಮೇಲೆಯೇ. ರಾಡಿಯಲ್ಲಿ ಹಾಕಿದರೆ ಕ್ಲೋರಿನ್ ಮಣ್ಣಿಗೇ ಖರ್ಚಾಗುತ್ತದೆ.

ಮನೆಗೆ ಬಂದ ದಿನವೇ ಫಿಲ್ಟರನ್ನು ತೊಳೆಯಿರಿ. ನಮ್ಮ ಬೇಸಿಗೆಯಲ್ಲಿ ಒಂದು ರಾತ್ರಿ ಒಣಗಿದರೂ ಒಳಗಿನ ಜೇಡಿ ಗಟ್ಟಿಯಾಗುತ್ತದೆ. ಹರಿವು ತಗ್ಗಿದ್ದರೆ ಬಿಳಿ ವಿನೆಗರಿನಲ್ಲಿ ಅರ್ಧ ತಾಸು ನೆನೆಸಿಟ್ಟು ಮತ್ತೆ ತೊಳೆಯಿರಿ, ಸುಣ್ಣವೂ ಪಟಿಕದ ಲೋಳೆಯೂ ಬಿಡುತ್ತವೆ. ಒಣಗಿಸುವುದು ನೆರಳಲ್ಲಿ.