ಎರೆ ಸೀಮೆಯ ಬಿಸಿಲಲ್ಲಿ 5 ಅಡಿಯ ಪ್ಲಾಂಟೆಡ್ ಟ್ಯಾಂಕ್

ರಾಯಚೂರು ಜಿಲ್ಲೆಯ ಸಿಂಧನೂರಿನಂಥ ಊರಲ್ಲಿ ಗಿಡ ತುಂಬಿದ ದೊಡ್ಡ ಅಕ್ವೇರಿಯಂ ಇಡುವವರಿಗೆ ಲೈಟು, ಗೊಬ್ಬರ, ಮೀನು ಎಲ್ಲ ಆಮೇಲಿನ ಮಾತು. ಮೊದಲು ಲೆಕ್ಕ ಇಡಬೇಕಾದದ್ದು ಆರಿಹೋಗುವ ನೀರನ್ನು. ಏಪ್ರಿಲ್–ಮೇ ತಿಂಗಳ ಒಣ ಬಿಸಿಲಲ್ಲಿ ಟ್ಯಾಂಕನ್ನು ತಣ್ಣಗಿಡುವುದೂ ಅದೇ, ಗಮನಿಸದೆ ಬಿಟ್ಟರೆ ಉಪ್ಪಾಗಿಸುವುದೂ ಅದೇ.

ನನ್ನ ಟ್ಯಾಂಕ್ 5 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಲೆಕ್ಕಕ್ಕೆ 566 ಲೀಟರ್. ಮಣ್ಣು, ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನಿಜವಾಗಿ ಹಿಡಿಯುವ ನೀರು ಸುಮಾರು 480 ಲೀಟರ್. ಗೊಬ್ಬರ, ಔಷಧಿ ಏನೇ ಹಾಕಿದರೂ ಈ 480ಕ್ಕೇ ಅಳತೆ. 12 ಎಂಎಂ ಗಾಜೇ 100 ಕೆಜಿ ದಾಟುತ್ತದೆ; ಎಲ್ಲ ಸೇರಿ 800 ಕೆಜಿ ಹತ್ತಿರ, ಅದೂ 10 ಚದರ ಅಡಿಯಲ್ಲಿ. ಮನೆಯ ಸ್ಲ್ಯಾಬಿಗೆ ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆಜಿ ಬಳಕೆಯ ಭಾರ ಹಿಡಿದು ಕಟ್ಟಿರುತ್ತಾರೆ. ಆದ್ದರಿಂದ ನೆಲಮಹಡಿ ಬಿಟ್ಟು ಬೇರೆಡೆ ಇಡುವ ಯೋಚನೆ ಬೇಡ. ಸ್ಟ್ಯಾಂಡನ್ನು ಗಾರೆಯವರ ನೀರಿನ ಪೈಪಿನಿಂದಲೇ ಮಟ್ಟ ನೋಡಿ ಕೂರಿಸಿ, ಗಾಜಿನಡಿ 12 ಎಂಎಂ ಥರ್ಮಾಕೋಲ್ ಹಾಸಬೇಕು. ಸಿಲಿಕಾನಿನ ವಿನೆಗರ್ ವಾಸನೆ ಪೂರ್ತಿ ಹೋಗುವವರೆಗೆ, ಕನಿಷ್ಠ 7 ದಿನ, ನೀರು ತುಂಬಬಾರದು.

ಮಣ್ಣಿನ ವಿಷಯದಲ್ಲಿ ನಮ್ಮ ಕಡೆಯವರು ಎಡವುವುದು ಎರೆಯಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ. ಹೊಲದಲ್ಲಿ ಬಂಗಾರ, ಟ್ಯಾಂಕಿನಲ್ಲಿ ಕಾಟ. ನೀರು ಕುಡಿದು ಉಬ್ಬುತ್ತದೆ, ಕದಡಿದರೆ ವಾರವಾದರೂ ತಿಳಿಯಾಗುವುದಿಲ್ಲ, ಒಳಗೆ ಸುಣ್ಣದ ಹರಳುಗಳಿರುತ್ತವೆ. ಒಂದು ಹೆಂಟೆ ಒಡೆದು ಒಳಗಿನ ಬಿಳಿ ಹರಳಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟು ಕಿವಿಯ ಹತ್ತಿರ ಹಿಡಿಯಿರಿ: ಸಣ್ಣಗೆ ಚುಯ್ ಎಂದು ನೊರೆ ಏಳುತ್ತದೆ. ಆ ಸುಣ್ಣ ನೀರಿನಲ್ಲಿ ಕರಗುತ್ತ ಗಡಸುತನವನ್ನೂ ಪಿಎಚ್ ಅನ್ನೂ ಮೇಲೇರಿಸುತ್ತದೆ. ನಾನು ಬಳಸಿದ್ದು ಮಸಾರಿ, ಅಂದರೆ ಕೆಂಪು ಮಣ್ಣು. ಜರಡಿ ಹಿಡಿದು, ಬುಟ್ಟಿಯಲ್ಲಿ ನೀರು ತುಂಬಿ ತೇಲುವ ಕಸ ಚೆಲ್ಲಿ, ಬಿಸಿಲಿಗೆ ಒಣಗಿಸಿ, ಮತ್ತೆ ನೆನೆಸಿ, ಹೀಗೆ ನಾಲ್ಕು ಸಲ. ಈ ಕೆಲಸಕ್ಕೆ ಮಾತ್ರ ನಮ್ಮ ಬಿಸಿಲು ವರ. 1 ಇಂಚು ಮಣ್ಣಿಗೆ 24 ಲೀಟರ್ ಬೇಕು. ಅದರ ಮೇಲೆ 2–3 ಎಂಎಂ ಮರಳು 2 ಇಂಚು, ಅಂದರೆ 75 ಕೆಜಿ ಹತ್ತಿರ. ಮರಳಿಗೂ ವಿನೆಗರ್ ಪರೀಕ್ಷೆ ಆಗಬೇಕು. ಸಗಣಿ ಗೊಬ್ಬರ ಬೇಡವೇ ಬೇಡ, ಅಮೋನಿಯಾ ಏರಿ ತಿಂಗಳುಗಟ್ಟಲೆ ಮೀನು ಬಿಡಲು ಆಗುವುದಿಲ್ಲ.

ಇನ್ನು ನೀರು. ನಮ್ಮ ಬೋರಿನ ಟಿಡಿಎಸ್, ಅಂದರೆ ಲೀಟರಿನಲ್ಲಿ ಕರಗಿರುವ ಉಪ್ಪಿನ ಮಿ.ಗ್ರಾಂ ಲೆಕ್ಕ, 1,100. ಶುದ್ಧ ನೀರಿನ ಘಟಕದ ಆರ್‌ಒ ನೀರು 50. ಒಂದು ಪಾಲು ಬೋರಿಗೆ ನಾಲ್ಕು ಪಾಲು ಆರ್‌ಒ ಬೆರೆಸಿದರೆ 260 ಬರುತ್ತದೆ. ಗಿಡಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೋರಿನಿಂದಲೇ ಸಿಕ್ಕಿಬಿಡುತ್ತದೆ. ವಾರಕ್ಕೆ ಕಾಲು ಭಾಗ ನೀರು ಬದಲಿಸಲು 20 ಲೀಟರಿನ 5 ಕ್ಯಾನ್ ಆರ್‌ಒ, ಒಂದು ಕೊಡ ಮೇಲೆ ಸ್ವಲ್ಪ ಬೋರ್ ನೀರು ಸಾಕು. ನಗರಸಭೆಯ ನಲ್ಲಿ ನೀರು ಬಳಸುವುದಾದರೆ ಕ್ಲೋರಿನ್ ತೆಗೆಯಲು ಹೈಪೋ (ಸೋಡಿಯಂ ಥಯೋಸಲ್ಫೇಟ್ ಹರಳು) ಬೇಕು: 10 ಗ್ರಾಂ ಹೈಪೋವನ್ನು 100 ಎಂಎಲ್ ನೀರಿನಲ್ಲಿ ಕರಗಿಸಿಟ್ಟು, 10 ಲೀಟರಿಗೆ 1 ಎಂಎಲ್.

ಈಗ ಬಿಸಿಲಿಗೆ ಬರೋಣ. ಬೇಸಿಗೆಯಲ್ಲಿ ಐಸ್ ಬಾಟಲಿ ತೇಲಿಬಿಡುವುದು ಎಲ್ಲೆಡೆ ನಡೆಯುತ್ತದೆ. 480 ಲೀಟರಿನಲ್ಲಿ 1 ಲೀಟರ್ ಐಸ್ ಪೂರ್ತಿ ಕರಗಿದರೂ ಕಾಲು ಡಿಗ್ರಿಯೂ ಇಳಿಯುವುದಿಲ್ಲ. ಅದೇ 1 ಲೀಟರ್ ನೀರು ಮೇಲ್ಮೈಯಿಂದ ಆರಿಹೋದರೆ 1.2 ಡಿಗ್ರಿಯಷ್ಟು ಶಾಖವನ್ನು ಹೊತ್ತೊಯ್ಯುತ್ತದೆ, ಮಣ್ಣಿನ ಗಡಿಗೆ ನೀರು ತಣ್ಣಗಾಗುವ ಹಾಗೆಯೇ. ಹಾಗಾಗಿ ಮುಚ್ಚಳ ತೆಗೆದು, ಹಿಂದಿನ ಗಾಜಿನ ಅಂಚಿಗೆ 12 ವೋಲ್ಟಿನ ನಾಲ್ಕು ಕಂಪ್ಯೂಟರ್ ಫ್ಯಾನ್‌ಗಳನ್ನು ನೀರಿನ ಮೇಲೆ ಓರೆಯಾಗಿ ಗಾಳಿ ಬೀಸುವಂತೆ ಕಟ್ಟಿದ್ದೇನೆ. ಕೋಣೆ 37 ಡಿಗ್ರಿಗೆ ಹೋದ ಮಧ್ಯಾಹ್ನಗಳಲ್ಲೂ ನೀರು 30–31ರಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ ಮಳೆಗಾಲದ ಸೆಕೆಯಲ್ಲಿ ಇದೇ ಫ್ಯಾನ್ ಒಂದೆರಡು ಡಿಗ್ರಿಗಿಂತ ಹೆಚ್ಚು ಇಳಿಸುವುದಿಲ್ಲ.

ಇದಕ್ಕೆ ತೆರುವ ಬೆಲೆ ದಿನಕ್ಕೆ 8ರಿಂದ 10 ಲೀಟರ್ ನೀರು. ಈ ಅಳತೆಯ ಟ್ಯಾಂಕಿನಲ್ಲಿ ಮಟ್ಟ 1 ಸೆಂ.ಮೀ. ಇಳಿದರೆ 9.3 ಲೀಟರ್ ಹೋಯಿತೆಂದು ಲೆಕ್ಕ. ಗಾಜಿನ ಮೂಲೆಯಲ್ಲಿ ಒಂದು ಗೆರೆ ಎಳೆದಿಟ್ಟರೆ ಸಾಕು. ಹೋಗುವುದು ಬರೀ ನೀರು, ಉಪ್ಪೆಲ್ಲ ಒಳಗೇ ಉಳಿಯುತ್ತದೆ. ಇಳಿದ ಮಟ್ಟವನ್ನು ಬೋರ್ ನೀರಿನಿಂದ ತುಂಬುತ್ತ ಹೋದರೆ ದಿನಕ್ಕೆ 10 ಲೀಟರಿನಂತೆ 60 ದಿನಕ್ಕೆ 660 ಗ್ರಾಂ ಉಪ್ಪು ಟ್ಯಾಂಕಿಗೆ ಬಿದ್ದಂತೆ. ಗಿಡದ ಎಲೆಯಂಚು ಸುಟ್ಟು, ಗಾಜಿನ ಮೇಲೆ ಬಿಳಿ ಪಟ್ಟಿ ಕಟ್ಟಿದಾಗ ಬಹಳ ಜನ ಗೊಬ್ಬರ ಸಾಲದೆಂದು ಇನ್ನಷ್ಟು ಹಾಕುತ್ತಾರೆ, ಅದೂ ಉಪ್ಪೇ. ಆರಿದ ನೀರಿಗೆ ಬೆರಕೆ ಇಲ್ಲದ ಆರ್‌ಒ ಮಾತ್ರ. ಬೆರಕೆ ನೀರು ವಾರದ ಬದಲಾವಣೆಗೆ ಮಾತ್ರ. ಬೇಸಿಗೆಯಲ್ಲಿ ಒಟ್ಟು ವಾರಕ್ಕೆ 8 ಕ್ಯಾನ್ ಹಿಡಿಯುತ್ತದೆ. ಟಿಡಿಎಸ್ 350 ದಾಟಿದರೆ ಆ ವಾರ ಎರಡು ಸಲ ನೀರು ಬದಲಿಸುತ್ತೇನೆ.

ಗಿಡಕ್ಕೆಂದು ನೀರಿನಲ್ಲಿ ಗುಳ್ಳೆಯಾಗಿ ಬಿಡುವ ಸಿಒ2 (ಇಂಗಾಲದ ಡೈಆಕ್ಸೈಡ್) ಸಿಲಿಂಡರ್ ಹಾಕಿಲ್ಲ. 25 ಡಿಗ್ರಿ ನೀರು ಲೀಟರಿಗೆ 8 ಮಿ.ಗ್ರಾಂ ಮೀರಿ ಆಮ್ಲಜನಕ ಹಿಡಿದರೆ 32 ಡಿಗ್ರಿಯದು 7ರ ಆಸುಪಾಸು. ಅದರ ಮೇಲೆ ಸಿಒ2 ತುಂಬಿದರೆ ಮೀನು ನಸುಕಿನಲ್ಲೇ ಮೇಲೆ ಬಂದು ಬಾಯಿ ಬಡಿಯುತ್ತವೆ. ಸಿಲಿಂಡರಿನೊಳಗಿನ ದ್ರವವೂ 31 ಡಿಗ್ರಿ ದಾಟಿದರೆ ದ್ರವವಾಗಿ ಉಳಿಯುವುದಿಲ್ಲ, ಒತ್ತಡ ಏರುತ್ತದೆ, ಬೆಳಿಗ್ಗೆ ಕಟ್ಟಿದ ಗುಳ್ಳೆ ಲೆಕ್ಕ ಮಧ್ಯಾಹ್ನಕ್ಕೆ ತಪ್ಪುತ್ತದೆ. ಬದಲಿಗೆ, ನೀರಿನ ಬೈಕಾರ್ಬೊನೇಟನ್ನೇ ಬಳಸಿಕೊಳ್ಳುವ ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ ಹಿಂಬದಿಗೆ, ಮುಂದೆ ನೀರುಬ್ರಾಹ್ಮಿ, ಕ್ರಿಪ್ಟೊಕೊರೈನ್, ಕಟ್ಟಿಗೆಗೆ ಅನೂಬಿಯಸ್. ಕ್ರಿಪ್ಟೊಕೊರೈನ್ ನೆಟ್ಟ ಹತ್ತು ದಿನಕ್ಕೆ ಎಲೆಯೆಲ್ಲ ಕರಗಿ ಲೋಳೆಯಾಗುತ್ತದೆ. ಬೇರು ಕೀಳದೆ ಬಿಟ್ಟರೆ ಹೊಸ ಎಲೆ ಬರುತ್ತದೆ. ಮೊದಲ ದಿನವೇ ನೆಲದ ಮುಕ್ಕಾಲು ಭಾಗ ಗಿಡ ಹಿಡಿದಿರಬೇಕು, ಇಲ್ಲದಿದ್ದರೆ ಖಾಲಿ ಜಾಗ ಪಾಚಿಯ ಪಾಲು.

ತುಂಗಭದ್ರಾ ಎಡದಂಡೆ ಕಾಲುವೆಯ ಅಂಚಿನಿಂದ ಗಿಡ ತಂದರೆ ಭತ್ತದ ಗದ್ದೆಯ ಕೀಟನಾಶಕ, ಜಿಗಣೆ, ಏರೋಪ್ಲೇನ್ ಚಿಟ್ಟೆಯ ಮರಿ ಜೊತೆಗೇ ಬರುತ್ತವೆ. 1 ಗ್ರಾಂ ಪೊಟ್ಯಾಸಿಯಂ ಪರ್ಮ್ಯಾಂಗನೇಟನ್ನು 1 ಲೀಟರಿನಲ್ಲಿ ಕರಗಿಸಿ, ಅದರಲ್ಲಿ 100 ಎಂಎಲ್ ಅನ್ನು 10 ಲೀಟರಿಗೆ ಬೆರೆಸಿ, 10 ನಿಮಿಷ ಅದ್ದಿ ತೊಳೆದು, ಮೂರು ವಾರ ಬೇರೆ ಬಕೆಟ್ಟಿನಲ್ಲಿಡಿ. ನೀರನ್ನು ಆಗಾಗ ಬದಲಿಸಿ.

ಲೈಟಿಗೆ 50 ವ್ಯಾಟಿನ, 6500 ಕೆಲ್ವಿನ್ನಿನ ಎರಡು ಎಲ್‌ಇಡಿ ಫ್ಲಡ್‌ಲೈಟ್, ನೀರಿನಿಂದ 1 ಅಡಿ ಮೇಲೆ. ಮೊದಲ ತಿಂಗಳು 6 ಗಂಟೆ, ಆಮೇಲೆ 8. ಬೇಸಿಗೆಯಲ್ಲಿ ಬೆಳಿಗ್ಗೆ 6ರಿಂದಲೇ ಟೈಮರ್ ಹಾಕಿದರೆ ಲೈಟಿನ ಕಾವು ಮಧ್ಯಾಹ್ನ 2ರ ಆಚೆಯ ಬಿಸಿಲಿಗೆ ಸೇರುವುದಿಲ್ಲ.

ಗೊಬ್ಬರ ಡ್ರಿಪ್ ಗೊಬ್ಬರದ ಅಂಗಡಿಯದೇ ಸಾಕು. 13-0-45 (ಪೊಟ್ಯಾಸಿಯಂ ನೈಟ್ರೇಟ್) 40 ಗ್ರಾಂ, 0-52-34 (ಮೋನೊ ಪೊಟ್ಯಾಸಿಯಂ ಫಾಸ್ಫೇಟ್) 4 ಗ್ರಾಂ ಅರ್ಧ ಲೀಟರಿನಲ್ಲಿ ಕರಗಿಸಿ ವಾರಕ್ಕೊಮ್ಮೆ 50 ಎಂಎಲ್: ನೈಟ್ರೇಟ್ 5 ಪಿಪಿಎಂ (ಲೀಟರಿಗೆ 5 ಮಿ.ಗ್ರಾಂ), ಫಾಸ್ಫೇಟ್ ಅರ್ಧ ಪಿಪಿಎಂ ಬರುತ್ತದೆ. 19-19-19 ಮಾತ್ರ ಮುಟ್ಟಬೇಡಿ. ಅದರಲ್ಲಿ ಯೂರಿಯಾ, ಅಮೋನಿಯಂ ಇವೆ. ಪಿಎಚ್ 8, 30 ಡಿಗ್ರಿ ಇರುವ ನೀರಿನಲ್ಲಿ ಒಟ್ಟು ಅಮೋನಿಯಾದ ನೂರಕ್ಕೆ ಏಳೂವರೆ ಪಾಲು ವಿಷವಾಗಿರುತ್ತದೆ, ಪಿಎಚ್ 7ರಲ್ಲಿ ಒಂದು ಪಾಲೂ ಇಲ್ಲ. ಕಬ್ಬಿಣದ ಗೊಬ್ಬರದಲ್ಲಿ, ಅದನ್ನು ಕರಗಿದ ಸ್ಥಿತಿಯಲ್ಲಿ ಹಿಡಿದಿಡುವ ಇಡಿಟಿಎ ಬದಲು ಡಿಟಿಪಿಎ ಇರುವುದನ್ನು ಕೊಳ್ಳಿ, ನಮ್ಮ ಕ್ಷಾರದ ನೀರಿನಲ್ಲಿ ಇಡಿಟಿಎ ಕಬ್ಬಿಣವನ್ನು ಬೇಗ ಬಿಟ್ಟುಕೊಡುತ್ತದೆ. ಕಬ್ಬಿಣವನ್ನು ಫಾಸ್ಫೇಟ್ ಹಾಕಿದ ದಿನ ಹಾಕಬಾರದು, ಎರಡೂ ಸೇರಿ ತಳಕ್ಕೆ ಕೂರುತ್ತವೆ.

ಕರೆಂಟ್ ಹೋದಾಗಿನ ಅಪಾಯ ಕ್ಯಾನಿಸ್ಟರ್ ಫಿಲ್ಟರಿನೊಳಗಿದೆ, ಅಂದರೆ ಟ್ಯಾಂಕಿನ ಹೊರಗೆ ಕೂರುವ ಮುಚ್ಚಿದ ಡಬ್ಬಿಯ ಫಿಲ್ಟರಿನೊಳಗೆ. ನೀರು ಹರಿಯದೆ ನಾಲ್ಕೈದು ಗಂಟೆ ನಿಂತರೆ ಒಳಗಿನ, ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾ ಆಮ್ಲಜನಕವಿಲ್ಲದೆ ಸಾಯತೊಡಗುತ್ತವೆ, ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ವಾಸನೆ. ಕರೆಂಟ್ ಬಂದೊಡನೆ ಆ ಕಪ್ಪು ನೀರೆಲ್ಲ ಟ್ಯಾಂಕಿಗೆ. ಆದ್ದರಿಂದ ಫಿಲ್ಟರಿನ ಸ್ವಿಚ್ಚು ಆಫ್ ಮಾಡಿ, ಸ್ಪಂಜುಗಳನ್ನು ಬಕೆಟ್ಟಿಗೆ ತೆಗೆದ ಟ್ಯಾಂಕಿನದೇ ನೀರಿನಲ್ಲಿ ಹಿಂಡಿ ತೊಳೆದು ಆಮೇಲೆ ಚಾಲೂ ಮಾಡಬೇಕು. ಇನ್ವರ್ಟರಿನ ಮೇಲೆ ಏರ್ ಪಂಪ್, ಫ್ಯಾನ್ ಎರಡನ್ನೇ ಇಟ್ಟರೂ ಮೀನು ಉಳಿಯುತ್ತವೆ.

ಮೀನು ಬಿಡುವುದು ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆ, ಸುಮಾರು ನಾಲ್ಕನೇ ವಾರ. ನಿಯಾನ್ ಟೆಟ್ರಾ ಇಲ್ಲಿಯ ಬೇಸಿಗೆ ತಡೆಯುವುದಿಲ್ಲ. ಗೌರಾಮಿ ಮೇಲಿನ ಗಾಳಿಯನ್ನೇ ಉಸಿರಾಡುವ ಮೀನು. ಆರು ಪರ್ಲ್ ಗೌರಾಮಿ, ಹದಿನೈದು ಚೆರ್ರಿ ಬಾರ್ಬ್ ಈ ಟ್ಯಾಂಕಿಗೆ ಹಿಡಿಸುತ್ತವೆ. ಡಿಸೆಂಬರ್ ರಾತ್ರಿಗಳಲ್ಲಿ ನೀರು 22ಕ್ಕೆ ಇಳಿಯುತ್ತದೆ. ಬಾರ್ಬ್‌ಗೆ ಅದು ಸಾಕು. ಗೌರಾಮಿಗಾಗಿ 300 ವ್ಯಾಟ್ ಹೀಟರನ್ನು 25ಕ್ಕೆ ಇಟ್ಟು, ಫೆಬ್ರುವರಿ ನಡುವೆ ಅದನ್ನು ತೆಗೆದು ಫ್ಯಾನ್‌ಗಳ ಧೂಳು ಒರೆಸಿ ಮತ್ತೆ ಕಟ್ಟುತ್ತೇನೆ.