ಬಾಯಿ ಬಿಡದೆ ಒಮ್ಮೆ, ಬಾಯಿ ಬಿಟ್ಟು ಇನ್ನೊಮ್ಮೆ: ನನ್ನ ಇಂಟರ್‌ವ್ಯೂ ಅನುಭವ

ಮೊದಲ ಸಲ ನಾನು ಫೇಲ್ ಆದದ್ದು ಉತ್ತರ ಗೊತ್ತಿಲ್ಲದೆ ಅಲ್ಲ, ಬಾಯಿ ಬಿಡದೆ.

ಕಂಪನಿಯ ಹೆಸರು ಬೇಡ. ಅವರ ಒಂದು ಆ್ಯಪ್ ಆದರೂ ನಿಮ್ಮ ಫೋನಿನಲ್ಲಿ ಇರುತ್ತದೆ, ಅಷ್ಟು ದೊಡ್ಡದು. ಸಾಫ್ಟ್‌ವೇರ್ ಕೆಲಸಕ್ಕೆ 45 ನಿಮಿಷದ ಕೋಡಿಂಗ್ ರೌಂಡ್. ಎಲ್‌ಆರ್‌ಯು ಕ್ಯಾಶ್ ಬರೆಯಿರಿ ಎಂದರು, ಅಂದರೆ ಬೇಗ ಸಿಗಲಿ ಎಂದು ಡೇಟಾ ಇಡುವ ಒಂದು ಸಣ್ಣ ಜಾಗ. ಜಾಗ ತುಂಬಿದಾಗ, ಯಾವುದನ್ನು ಮುಟ್ಟದೆ ತುಂಬಾ ಹೊತ್ತಾಗಿದೆಯೋ ಅದನ್ನು ಹೊರಗೆ ಹಾಕಬೇಕು, ಅಷ್ಟೇ. ತಕ್ಷಣ ಹುಡುಕಲು ಒಂದು ಹ್ಯಾಶ್ ಮ್ಯಾಪ್, ಯಾವುದು ಮೊದಲು ಯಾವುದು ಆಮೇಲೆ ಎಂಬ ಸರದಿ ಇಡಲು ಒಂದು ಡಬ್ಲಿ ಲಿಂಕ್ಡ್ ಲಿಸ್ಟ್, ಎರಡನ್ನೂ ಸೇರಿಸಿದರೆ ಆಯಿತು. ನನಗೆ ಬಾಯಿಪಾಠ ಇತ್ತು. ತಲೆ ತಗ್ಗಿಸಿ ಟೈಪ್ ಮಾಡುತ್ತಾ ಹೋದೆ. ಹತ್ತು ನಿಮಿಷ ಆದ ಮೇಲೆ ಆ ಕಡೆಯವರು "ಹಲೋ, ಲೈನಲ್ಲಿ ಇದ್ದೀರಾ?" ಎಂದರು. ನೆಟ್ ಹೋಗಿದೆ ಅಂದುಕೊಂಡಿದ್ದರು, ಪಾಪ.

ಕೋಡ್ ಸರಿಯಾಗಿಯೇ ಇತ್ತು. ಒಂಬತ್ತನೇ ದಿನ ಎರಡು ಸಾಲಿನ ಮೇಲ್ ಬಂತು. ಬೇಕಿದ್ದರೆ ಆರು ತಿಂಗಳು ಬಿಟ್ಟು ಮತ್ತೆ ಅರ್ಜಿ ಹಾಕಬಹುದಂತೆ. ಕಾರಣ ಹೇಳಲಿಲ್ಲ. ಅದೊಂದು ಕೋಪ ನನಗೆ ಈಗಲೂ ಇದೆ.

ಕಾರಣ ಆಮೇಲೆ ನಾನೇ ಊಹಿಸಿದೆ. ಗೂಗಲ್‌ನಂಥ ಕಡೆ ಇಂಟರ್‌ವ್ಯೂ ಮಾಡಿದವರು ಒಬ್ಬರೇ ಕೂತು ತೀರ್ಮಾನ ಮಾಡುವುದಿಲ್ಲ. ಅವರು ಬರೆದಿಟ್ಟದ್ದನ್ನು ಓದಿ ಬೇರೆಯೇ ಒಂದು ಸಮಿತಿ ನೋಡುತ್ತದೆ. ನಾನು ಮಾತೇ ಆಡದಿದ್ದರೆ ಅವರು ಬರೆಯುವುದಾದರೂ ಎಂತ?

ಹಾಗೆ ಅಭ್ಯಾಸದ ದಾರಿ ಬದಲಿಸಿದೆ. ಸುರತ್ಕಲ್‌ನಲ್ಲಿದ್ದ ಗೆಳೆಯನಿಗೆ ರಾತ್ರಿ ಒಂಬತ್ತೂವರೆಗೆ ಫೋನ್. ಒಂದು ದಿನ ಅವನು ಕೇಳುವುದು, ಮರುದಿನ ನಾನು ಕೇಳುವುದು. ಎಷ್ಟೋ ಕಡೆ ಇಂಟರ್‌ವ್ಯೂಗೆ ಕೊಡುವ ಎಡಿಟರ್‌ನಲ್ಲಿ ಕೋಡ್ ಓಡುವುದಿಲ್ಲ, ಅದಾಗಿಯೇ ಏನನ್ನೂ ತುಂಬಿಸುವುದೂ ಇಲ್ಲ. ಹಾಗಾಗಿ ಖಾಲಿ ನೋಟ್‌ಪ್ಯಾಡ್‌ನಲ್ಲೇ ಬರೆದೆ. ನನಗೆ ಯೋಚನೆ ಬರುವುದು ಕನ್ನಡದಲ್ಲಿ. ಯೋಚಿಸುವುದು, ಅದನ್ನು ಇಂಗ್ಲಿಷ್‌ನಲ್ಲಿ ಹೇಳುವುದು, ಎರಡೂ ಒಟ್ಟಿಗೆ ಮಾಡಲು ಹೋದರೆ ಎರಡೂ ನಿಲ್ಲುತ್ತಿತ್ತು. ಮೊದಲ ಎರಡು ವಾರ ಕನ್ನಡದಲ್ಲೇ ಜೋರಾಗಿ ಹೇಳಿದೆ, ಇಂಗ್ಲಿಷ್ ಆಮೇಲೆ ಸೇರಿಸಿದೆ. ಇದು ಯಾರೂ ಹೇಳಿಕೊಟ್ಟದ್ದಲ್ಲ, ಆದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ. ಅಮ್ಮ ಮಾತ್ರ ಬಾಗಿಲಲ್ಲಿ ನಿಂತು "ಎಂತ ಮಗ, ಒಬ್ಬನೇ ಮಾತಾಡ್ತಾ ಇದ್ದಿ?" ಎಂದು ಎರಡು ಸಲ ಕೇಳಿ ಹೋದರು.

ಎರಡನೇ ಸಲ ಕರೆ ಬಂದದ್ದು ಜುಲೈಯಲ್ಲಿ. ಮಂಗಳೂರಿನ ಜುಲೈ ಹೇಗೆ ಅಂತ ಗೊತ್ತಲ್ವಾ? ಕರೆಂಟಿಗೆ ಇನ್ವರ್ಟರ್ ಇತ್ತು, ನೆಟ್ಟಿಗೆ ಫೋನಿನ ಹಾಟ್‌ಸ್ಪಾಟ್ ಇಟ್ಟುಕೊಂಡಿದ್ದೆ. ಶೀಟಿನ ಮೇಲೆ ಬೀಳುವ ಮಳೆಯ ಸದ್ದು ಮಾತ್ರ ಲೆಕ್ಕಕ್ಕೇ ಬಂದಿರಲಿಲ್ಲ. ಐದು ನಿಮಿಷದಲ್ಲೇ ಅವರಿಗೆ ನನ್ನ ಸ್ವರ ಕೇಳದಾಯಿತು. ಕ್ಷಮೆ ಕೇಳಿ ಲ್ಯಾಪ್‌ಟಾಪ್ ಎತ್ತಿಕೊಂಡು ಒಳಕೋಣೆಗೆ ಹೋದೆ. ಅಕ್ಕಿ ಮುಡಿಯ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಹಲಸಿನ ಹಪ್ಪಳದ ಡಬ್ಬ.

ಪ್ರಶ್ನೆ ಇದು: ಮೀಟಿಂಗ್‌ಗಳು ಶುರುವಾಗುವ, ಮುಗಿಯುವ ಹೊತ್ತು ಕೊಟ್ಟಿದ್ದೇವೆ, ಕಡಿಮೆ ಎಂದರೆ ಎಷ್ಟು ರೂಮ್ ಬೇಕು? ಕೇಳಿದ ಕೂಡಲೇ ನನ್ನ ಕಣ್ಣಿಗೆ ಕಂಡದ್ದು ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡ್. ಅಪ್ಪ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಹಿಂದಿನ ಬಸ್ಸು ಜಾಗ ಬಿಡಲಿಲ್ಲ, ನಮ್ಮ ಟೈಮ್ ತಿಂದ ಎಂಬ ಜಗಳ ರಾತ್ರಿ ಊಟದ ಹೊತ್ತಿಗೆ ಮನೆಗೂ ಬರುತ್ತಿತ್ತು.

ಕೋಡ್ ಬರೆಯುವ ಮೊದಲು ಅದನ್ನೇ ಹೇಳಿದೆ, ಮೀಟಿಂಗ್ ಅಂದರೆ ಬಸ್ಸು, ರೂಮ್ ಅಂದರೆ ಬಸ್ಸು ನಿಲ್ಲುವ ಜಾಗ. "ಒಂದು ಬಸ್ಸು 9:00ಕ್ಕೆ ಬಂದು 9:10ಕ್ಕೆ ಹೊರಡುತ್ತದೆ. ಇನ್ನೊಂದು 9:05ರಿಂದ 9:20. ಮೂರನೆಯದು 9:10ರಿಂದ 9:15. ಸರಿಯಾಗಿ 9:10ಕ್ಕೆ ಒಂದು ಹೊರಟು ಇನ್ನೊಂದು ಬಂದರೆ ಅದೇ ಜಾಗ ಸಿಗುತ್ತದಾ?" ಸಿಗುತ್ತದೆ ಎಂದಾದರೆ ಎರಡು ಜಾಗ ಸಾಕು. ಇಲ್ಲದಿದ್ದರೆ ಮೂರು. ಅವರು ನಕ್ಕು, ಸಿಗುತ್ತದೆ ಎಂದಿಟ್ಟುಕೊಳ್ಳಿ ಎಂದರು. ಆಮೇಲೆ ಸುಲಭ. ಬರುವ ಹೊತ್ತುಗಳನ್ನು ಬೇರೆ, ಹೊರಡುವ ಹೊತ್ತುಗಳನ್ನು ಬೇರೆ ಸಾರ್ಟ್ ಮಾಡಬೇಕು, ಅಂದರೆ ಕ್ರಮವಾಗಿ ಜೋಡಿಸಬೇಕು. ಬಂದರೆ ಒಂದು ಕೂಡಿಸಬೇಕು, ಹೊರಟರೆ ಒಂದು ಕಳೆಯಬೇಕು. ಎರಡೂ ಒಂದೇ ಹೊತ್ತಿಗಾದರೆ ಮೊದಲು ಕಳೆಯಬೇಕು. ನಡುವೆ ಲೆಕ್ಕ ಎಲ್ಲಿಯವರೆಗೆ ಏರಿತೋ ಅದೇ ಉತ್ತರ. ಸಾರ್ಟ್ ಮಾಡಲು ಹಿಡಿಯುವ ಹೊತ್ತೇ ಮುಖ್ಯ ಖರ್ಚು, ಎನ್ ಲಾಗ್ ಎನ್, ಅಂದರೆ ಮೀಟಿಂಗ್‌ಗಳು (ಎನ್) ದುಪ್ಪಟ್ಟಾದರೆ ಹೊತ್ತು ದುಪ್ಪಟ್ಟಿಗಿಂತ ಸ್ವಲ್ಪವೇ ಜಾಸ್ತಿ.

ಬಾಕಿ ಮೂರು ರೌಂಡ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಸಿಸ್ಟಮ್ ಡಿಸೈನ್, ಅಂದರೆ ದೊಡ್ಡ ಸಾಫ್ಟ್‌ವೇರ್ ಹೇಗೆ ಕಟ್ಟುತ್ತೀರಿ ಎಂದು ಕೇಳುವ ರೌಂಡ್, ಅಷ್ಟಕ್ಕಷ್ಟೇ ಆಯಿತು. "ಮ್ಯಾನೇಜರ್ ಜೊತೆ ನಿಮಗೆ ಒಪ್ಪಿಗೆಯಾಗದ ಒಂದು ಸಂದರ್ಭ ಹೇಳಿ" ಎಂದಾಗ ತಡವರಿಸಿದೆ. ಇಂಥ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಂಡದ್ದು ನನ್ನ ತಪ್ಪು. ಅಮೆಜಾನ್ ತನ್ನ 16 ಲೀಡರ್‌ಶಿಪ್ ತತ್ವಗಳನ್ನು ಬಹಿರಂಗವಾಗಿಯೇ ಹಾಕಿದೆ, ಅವನ್ನು ಹಿಡಿದೇ ಪ್ರಶ್ನೆ ಕೇಳುತ್ತಾರೆ. ಕೆಲಸದಲ್ಲಿ ನಿಜವಾಗಿ ನಡೆದ ನಾಲ್ಕೈದು ಘಟನೆಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ಏನಾಗಿತ್ತು, ನೀವು ಏನು ಮಾಡಿದಿರಿ, ಕೊನೆಗೆ ಏನಾಯಿತು. "ನಾವು ಮಾಡಿದೆವು" ಎನ್ನಬೇಡಿ, "ನಾನು ಮಾಡಿದೆ" ಎನ್ನಿ. ನಮ್ಮ ಕಡೆಯವರಿಗೆ ಅದು ಸ್ವಲ್ಪ ಕಷ್ಟವೇ.

ಕೆಲಸ ಸಿಕ್ಕಿತು, ಕೇಳಿದ್ದಕ್ಕಿಂತ ಒಂದು ಲೆವೆಲ್ ಕೆಳಗೆ. ಸೇರಿದೆ.

ಆ ದಿನ ಸಂಜೆ ಅಪ್ಪನಿಗೆ ಬಸ್ಸಿನ ಲೆಕ್ಕ ಪೂರ್ತಿ ವಿವರಿಸಿದೆ. ಚಾ ಕುಡಿಯುತ್ತಾ ಕೇಳಿದರು.

"ಕೊನೆಗೆ ಎಷ್ಟು ಜಾಗ ಅಂದಿ?"

"ಎರಡು."

"ಎರಡು ಎಲ್ಲಿ ಸಾಕಾಗ್ತದೆ ಮಾರಾಯ? ಡ್ರೈವರ್ ಚಾ ಕುಡಿಯಲಿಕ್ಕೆ ಹೋದದ್ದು ಲೆಕ್ಕಕ್ಕೆ ಹಿಡಿದಿದ್ದಿಯಾ?"