ದಡ ಹಿಡಿದು ಶೆಟ್ಟಿಹಳ್ಳಿಗೆ

ನಮ್ಮ ಚಿಕ್ಕವಳಿಗೆ ಅದು ಚರ್ಚಲ್ಲ, ಕೋಟೆ. ಹೋದ ನವೆಂಬರಿನಲ್ಲಿ ಮೊದಲ ಸಲ ತೋರಿಸಿದಾಗ ಹೇಮಾವತಿಯ ಹಿನ್ನೀರು ಗೋಡೆಗಳ ಸುತ್ತ ತುಂಬಿಕೊಂಡಿತ್ತು. ಚಾವಣಿಯಿಲ್ಲದ ಕಂದು ಗೋಡೆ, ಚೂಪು ತುದಿಯ ಕಮಾನು, ಅದರೊಳಗಿಂದ ಹಾರಿಹೋಗುವ ಬೆಳ್ಳಕ್ಕಿ. "ಅಮ್ಮಾ, ಕೋಟೆ ನೀರಲ್ಲಿ ನಿಂತ್ಕೊಂಡಿದೆ, ಒಳಗೆ ಹೋಗೋಣ" ಅಂತ ಹಟ ಹಿಡಿದಳು. ಹೋಗಲು ದಾರಿಯೇ ಇರಲಿಲ್ಲ. ನೀರು ಇಳಿಯಲಿ, ದಡ ಹಿಡಿದು ನಡೆದೇ ಹೋಗೋಣ ಎಂದು ಮಾತು ಕೊಟ್ಟೆ. ಆ ಮಾತು ಉಳಿಸಿಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು.

ಹಾಸನದಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಶೆಟ್ಟಿಹಳ್ಳಿಯ ರೋಸರಿ ಚರ್ಚನ್ನು ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು 1860ರ ದಶಕದಲ್ಲಿ. ಆಗ ಆಲೂರು, ಸಕಲೇಶಪುರದ ಕಡೆ ಬ್ರಿಟಿಷರ ಎಸ್ಟೇಟುಗಳಿದ್ದವು. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ಸುತ್ತಲಿನ ಜಮೀನು, ಊರುಗಳ ಜೊತೆ ಇದೂ ಮುಳುಗಡೆಗೆ ಸೇರಿತು. ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಗೆಯಲ್ಲಿ ನೆಲಕ್ಕೆ ಬರುತ್ತದೆ. ಫೋಟೊ ತೆಗೆಯುವವರು ನೀರು ತುಂಬಿದಾಗ ಹೋಗುತ್ತಾರೆ. ನಡೆಯುವವರ ಕಾಲ ಬೇರೆ.

ನಾನು ಮೊದಲು ಮಾಡಿದ ಕೆಲಸ ಪತ್ರಿಕೆಯಲ್ಲಿ ಜಲಾಶಯದ ಮಟ್ಟ ನೋಡಲು ಶುರುಮಾಡಿದ್ದು. ಕೆಆರ್‌ಎಸ್, ಹಾರಂಗಿ, ಕಬಿನಿಗಳ ಜೊತೆ ಹೇಮಾವತಿಯ ಲೆಕ್ಕವೂ ಬರುತ್ತದೆ. ಗರಿಷ್ಠ ಮಟ್ಟ 2922 ಅಡಿ, ಪಕ್ಕದಲ್ಲಿ ಆ ದಿನದ ಮಟ್ಟ, ಒಳಹರಿವು, ಹೊರಹರಿವು. ವರ್ಷಗಟ್ಟಲೆ ಕಣ್ಣಾಡಿಸದೆ ಬಿಟ್ಟಿದ್ದ ಆ ಮೂಲೆಯನ್ನು ಪ್ರತಿ ಸೋಮವಾರ ನೋಡಿ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟೆ. ಒಂದೇ ದಿನದ ಅಂಕಿ ಏನನ್ನೂ ಹೇಳುವುದಿಲ್ಲ. ಎಷ್ಟು ವಾರದಿಂದ ಬಿಡದೆ ಇಳಿಯುತ್ತಿದೆ ಅನ್ನುವುದು ಮುಖ್ಯ. ನೀರು ಹಿಂದೆ ಸರಿದ ಜಾಗ ಒಣಗಿ ಗಟ್ಟಿಯಾಗಲು ಅಷ್ಟು ಬಿಸಿಲು ತಿನ್ನಬೇಕು.

ಇದನ್ನು ಕಲಿತದ್ದು ಜನವರಿ ಕೊನೆಯಲ್ಲಿ, ದಾರಿ ನೋಡಿಕೊಂಡು ಬರೋಣವೆಂದು ನಾನು, ದೊಡ್ಡ ಮಗ, ನನ್ನ ಮೈದುನ ಹೋದಾಗ. ಮೇಲಿನಿಂದ ನೋಡಿದರೆ ದಡವೆಲ್ಲ ಒಣಗಿ ಹಂಚಿನ ಹಾಗೆ ಬಿರುಕು ಬಿಟ್ಟಿತ್ತು. ಚರ್ಚು ನೇರ ಎದುರಿಗೇ ಕಾಣುತ್ತಿತ್ತು, ಅಡ್ಡ ಹಾಯ್ದರೆ ಅರ್ಧ ದೂರ ಉಳಿಯುತ್ತದೆ ಅನ್ನಿಸಿತು. ಇಪ್ಪತ್ತು ಹೆಜ್ಜೆ ಹೋಗಿರಬೇಕು, ಮಗನ ಕಾಲು ಮೊಣಕಾಲಿನವರೆಗೆ ಹೂತುಹೋಯಿತು. ಎಳೆದಷ್ಟೂ ಇನ್ನೊಂದು ಕಾಲು ಇಳಿಯುತ್ತಿತ್ತು. ಮೈದುನ ಹೊಟ್ಟೆಯ ಮೇಲೆ ಮಲಗಿ, ಟವೆಲ್ ಕೊಟ್ಟು ಎಳೆದ. ಚಪ್ಪಲಿ ಅಲ್ಲೇ ಉಳಿಯಿತು. ಹನ್ನೊಂದು ವರ್ಷದ ಹುಡುಗನಿಗೇ ಹೀಗಾದರೆ ಆರು ವರ್ಷದವಳ ಗತಿಯೇನು ಎಂದು ನನ್ನ ಕೈಕಾಲು ತಣ್ಣಗಾದವು.

ದೂರದಲ್ಲಿ ದನ ಮೇಯಿಸುತ್ತಿದ್ದ ಹಿರಿಯರೊಬ್ಬರು ಕೂಗುತ್ತಾ ಬಂದರು. "ಮೇಲೆ ಒಣಗದೆ ಅಂತ ಕಾಲಿಟ್ರೆ ಆಯ್ತದೇನವ್ವಾ? ಒಳಗೆಲ್ಲ ಹೂಳು. ದನ ಓದ ಕಡೆ ಓಗ್ಬೇಕು." ಇಷ್ಟು ಸರಳ ಪಾಠ ನನಗೆ ಯಾರೂ ಹೇಳಿರಲಿಲ್ಲ. ಹಸುವಿನ ಗೊರಸಿನ ಗುರುತು ಬೆರಳು ದಪ್ಪ ಇಳಿದು ಅಂಚು ಒಣಗಿದ್ದರೆ ಆ ನೆಲ ನಮ್ಮನ್ನು ಹೊರುತ್ತದೆ. ಗುರುತು ಆಳವಾಗಿದ್ದು ಒಳಗೆ ನೀರು ಹೊಳೆಯುತ್ತಿದ್ದರೆ ಅಲ್ಲಿಂದ ಮೇಲಕ್ಕೆ ಸರಿಯಬೇಕು. ಗುರುತೇ ಇಲ್ಲದ ಜಾಗಕ್ಕೆ ದನವೂ ಹೋಗಿಲ್ಲ, ನಾವೂ ಹೋಗಬಾರದು.

ಅವರ ಜೊತೆ ಒಂದು ಗಂಟೆ ಓಡಾಡಿ ಇನ್ನೊಂದು ವಿಷಯ ತಿಳಿದುಕೊಂಡೆ. ದಡ ಸಪಾಟಾಗಿರುವ ಕಡೆ ನೀರು ಒಂದಡಿ ಇಳಿದರೂ ಮಾರುದ್ದದ ಹಸಿ ಕೆಸರು ಹೊರಬೀಳುತ್ತದೆ. ಇಳಿಜಾರಿರುವ ಕಡೆ ಅಷ್ಟೇ ನೀರು ಇಳಿದರೂ ಎರಡು ಹೆಜ್ಜೆ ಅಗಲದ ಪಟ್ಟಿ. ಹಾಗಾಗಿ ದಾರಿ ಸುತ್ತಾದರೂ ಇಳಿಜಾರು ದಡವನ್ನೇ ಹಿಡಿಯುವುದೆಂದು ಗೊತ್ತುಮಾಡಿದೆ. ನೀರಿಗೆ ಇಳಿಯುವ ಮಾತಂತೂ ಬೇಡವೇ ಬೇಡ. ಅದು ಕೆರೆಯ ಅಂಚಲ್ಲ. ಅಡಿಯಲ್ಲಿ ಹಳೆಯ ಹೊಲದ ಬದು, ಗುಂಡಿ, ಹೊಳೆಯ ಪಾತ್ರ ಹಾಗೆಯೇ ಇವೆ. ಮೊಣಕಾಲು ನೀರು ಮುಂದಿನ ಹೆಜ್ಜೆಗೆ ಆಳುದ್ದ ಆಗಬಹುದು. ಮಕ್ಕಳಿಗೆ ಮನೆಯಲ್ಲೇ ನಿಯಮ ಹೇಳಿದೆ: ನೀರಿನಿಂದ ಹತ್ತು ಹೆಜ್ಜೆ ದೂರ, ಯಾವಾಗಲೂ.

ಮಾರ್ಚ್ ಎರಡನೇ ಭಾನುವಾರ ನಿಗದಿಮಾಡಿದೆವು. ಇನ್ನೂ ತಡಮಾಡಿದರೆ ಮಧ್ಯಾಹ್ನದ ಮೇಲೆ ಗುಡುಗು ಮಳೆಯ ಕಾಲ. ಜೂನಿಗೆ ಕಾಯುವುದಂತೂ ಆಗದು. ಈ ಹೊಳೆ ಹುಟ್ಟುವುದು ಮೂಡಿಗೆರೆಯ ಕಡೆಯ ಮಲೆನಾಡಿನಲ್ಲಿ, ಅಲ್ಲಿ ಮಳೆ ಹಿಡಿದರೆ ಹಾಸನದಲ್ಲಿ ಬಿಸಿಲಿದ್ದರೂ ಇಲ್ಲಿ ನೀರು ಏರುತ್ತದೆ.

ನಾನು ತುಂಬ ಯೋಚಿಸಿದ್ದು ವಾಪಸು ಬರುವುದರ ಬಗ್ಗೆ. ಹೋಗುವಾಗ ಮಕ್ಕಳಿಗೆ ಉತ್ಸಾಹ ಇರುತ್ತದೆ. ನೋಡಬೇಕಾದದ್ದು ನೋಡಿ ಆದಮೇಲೆ ಅದೇ ದಾರಿಯಲ್ಲಿ, ಏರಿದ ಬಿಸಿಲಲ್ಲಿ, ನೆರಳೇ ಇಲ್ಲದ ದಡದಲ್ಲಿ ಹಿಂದಿರುಗುವುದು ಯಾವ ಮಗುವಿಗೂ ಆಗದು. ಆದ್ದರಿಂದ ಒಂದೇ ಕಡೆಯ ನಡಿಗೆ ಮಾಡಿದೆವು. ಯಜಮಾನರು ನಮ್ಮನ್ನು ಎರಡೂವರೆ ಕಿಲೋಮೀಟರ್ ಹಿಂದೆ ಇಳಿಸಿ, ಮಂಡಿನೋವಿನ ಅತ್ತೆಯನ್ನು ಕೂರಿಸಿಕೊಂಡು ಕಾರಿನಲ್ಲಿ ಚರ್ಚಿನ ಕಡೆ ಹೋದರು. ಕುಡಿಯುವ ನೀರಿನ ಬಹುಪಾಲು, ಬುತ್ತಿ, ಒಂದು ಜೊತೆ ಒಣ ಬಟ್ಟೆ ಎಲ್ಲ ಕಾರಿನಲ್ಲಿ. ನಮ್ಮ ಹೆಗಲಿಗೆ ತಲಾ ಒಂದು ಬಾಟಲಿ, ಸೌತೆಕಾಯಿ, ಕಡಲೆಕಾಯಿ. ಕಾಲಿಗೆ ಹಿಂದೆ ಪಟ್ಟಿಯಿರುವ ಸ್ಯಾಂಡಲ್.

ಆರೂವರೆಗೆ ಹೊರಟೆವು. ಮೈದುನ ಕೋಲು ಹಿಡಿದು ಮುಂದೆ, ಮಕ್ಕಳು ನಡುವೆ, ನಾನು ಹಿಂದೆ. ಎರಡೂವರೆ ಕಿಲೋಮೀಟರಿಗೆ ಎರಡು ಗಂಟೆ ಹಿಡಿಯಿತು. ದೊಡ್ಡವರ ಲೆಕ್ಕದಲ್ಲಿ ಇದು ಬಹಳ ಆಯಿತು, ಆದರೆ ಮಕ್ಕಳು ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು. ಸತ್ತ ಕಪ್ಪೆಚಿಪ್ಪು, ರೆಕ್ಕೆ ಒಣಗಿಸುತ್ತಾ ಕುಳಿತ ನೀರುಕಾಗೆ. ನೀರು ಹಂತ ಹಂತವಾಗಿ ಇಳಿದ ಕಡೆ ದಡದಲ್ಲಿ ಮೆಟ್ಟಿಲಿನಂಥ ಗೆರೆಗಳು ಮೂಡಿದ್ದವು. ಕ್ಯಾಲೆಂಡರಿನಲ್ಲಿ ಬರೆದ ಅಂಕಿಗಳೇ ಇವು ಎಂದು ಮಗನಿಗೆ ಹೇಳಿದೆ. ಅವನು ಮೇಲಿನ ಗೆರೆಯಿಂದ ಎಣಿಸುತ್ತಾ ಕೆಳಗೆ ಬಂದ.

ಮುಕ್ಕಾಲು ದಾರಿಯಲ್ಲಿ ಅತ್ತೆ ಎದುರಿಗೆ ನಡೆದು ಬರುತ್ತಿದ್ದರು! ಕಾರಿನಲ್ಲಿ ಕೂತಿರಿ ಎಂದು ಯಜಮಾನರು ಹೇಳಿದರೂ ಕೇಳಿಲ್ಲ. ಬಂದದ್ದು ನಾವು ಹಿಡಿದ ದಡದಲ್ಲಲ್ಲ, ಸ್ವಲ್ಪ ಮೇಲೆ, ಜಲ್ಲಿ ಎದ್ದು ಕಾಣುತ್ತಿದ್ದ ಒಂದು ಪಟ್ಟಿಯ ಮೇಲೆ. "ಇದು ಗಾಡಿದಾರಿ ಕಣಮ್ಮ. ನಮ್ಮ ದೊಡ್ಡಮ್ಮನ ಮನೆಗೆ ಇದರಲ್ಲೇ ಬರ್ತಿದ್ವಿ. ನೆಲ ಗಟ್ಟಿ ಇದೆ, ಈ ಕಡೆ ಬನ್ನಿ" ಅಂದರು. ಮುಳುಗಡೆಗೆ ಮೊದಲು ಅವರು ಚಿಕ್ಕವರಿದ್ದಾಗ ಓಡಾಡಿದ ದಾರಿ. ನಾನು ಎರಡು ಸಲ ಅದನ್ನು ದಾಟಿದ್ದರೂ ದಾರಿ ಎಂದು ಗುರುತು ಹತ್ತಿರಲಿಲ್ಲ. ಉಳಿದ ಅರ್ಧ ಕಿಲೋಮೀಟರ್ ಅತ್ತೆಯೇ ಮುಂದೆ, ಚಿಕ್ಕವಳ ಕೈ ಹಿಡಿದುಕೊಂಡು. ಅವರನ್ನು ಕಾರಿನಲ್ಲಿ ಕೂರಿಸಿ ಬಿಡಬೇಕೆಂದುಕೊಂಡದ್ದು ನನ್ನ ಯೋಜನೆಯ ದೊಡ್ಡ ತಪ್ಪು. ದಾರಿ ಗೊತ್ತುಮಾಡುವಾಗ ಮೊದಲು ಕೇಳಬೇಕಾಗಿದ್ದುದೇ ಅವರನ್ನು.

ಗೋಡೆಗಳ ಹತ್ತಿರ ಹೋದಮೇಲೆ ಮತ್ತೊಂದು ನಿಯಮ: ಕಮಾನಿನ ಕೆಳಗೆ ನಿಲ್ಲುವಂತಿಲ್ಲ, ಗೋಡೆ ಹತ್ತುವಂತಿಲ್ಲ. ಪ್ರತಿ ವರ್ಷ ತಿಂಗಳುಗಟ್ಟಲೆ ನೆನೆದು, ಮತ್ತೆ ಬಿಸಿಲಿಗೆ ಒಣಗಿ ಗಾರೆ ಪುಡಿಯಾಗಿದೆ, ಇಟ್ಟಿಗೆ ಸಡಿಲವಾಗಿದೆ, ಅಲ್ಲಲ್ಲಿ ಗೋಡೆಯೇ ಉರುಳಿದೆ. ನಾವಿದ್ದಾಗಲೇ ಒಂದಿಬ್ಬರು ಹುಡುಗರು ಫೋಟೊಗಾಗಿ ಕಿಟಕಿಯ ಮೇಲೆ ಹತ್ತಿದರು, ಕಾಲಡಿಯಿಂದ ಇಟ್ಟಿಗೆ ಚೂರು ಉದುರಿತು. ನನಗೆ ಸಂಕಟವಾಯಿತು, ಇಳಿಯಿರಿ ಎಂದು ಕೂಗಿದೆ. ನೂರೈವತ್ತು ವರ್ಷ ದಾಟಿದ ಗೋಡೆಗೆ ನೀರಿನ ಕಾಟವೇ ಸಾಕು.

ಸ್ವಲ್ಪ ದೂರದ ಮರದಡಿ ಬುತ್ತಿ ಬಿಚ್ಚಿದೆವು. ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಮಜ್ಜಿಗೆ. ಹತ್ತು ಗಂಟೆಯೊಳಗೆ ಕಾರು ಹತ್ತಿದೆವು. ಚಿಕ್ಕವಳಿಗೆ ಒಂದು ಅನುಮಾನ ಉಳಿದಿತ್ತು: ಕೋಟೆ ಅಂದಮೇಲೆ ಬಾವಿ ಎಲ್ಲಿ? ಸಕಲೇಶಪುರದ ಹತ್ತಿರ ಮಂಜರಾಬಾದ್ ಕೋಟೆಯಲ್ಲಿದೆ ಎಂದೆ. 1792ರಲ್ಲಿ ಟಿಪ್ಪು ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ, ಮೆಟ್ಟಿಲು ಹತ್ತಿದರೆ ಸಾಕು, ಕೆಸರಿಲ್ಲ. "ಅಲ್ಲಿಗೂ ಅಜ್ಜಿ ಮುಂದೆ ನಡೀಲಿ" ಅಂದಳು. ಮೆಟ್ಟಿಲು ಎಷ್ಟಿವೆ ಎಂದು ಅತ್ತೆ ಹಿಂದಿನ ಸೀಟಿನಿಂದ ಕೇಳಿದರು.